ತ್ರಿಕೋನದೊಳಗೆ 26 ಅಂತ ಇರುವ ಚೀನಾ ರೈಫಲ್ ವಿಯೆಟ್ನಾಂ ಯುದ್ಧದ್ದಾ?

ಅಲ್ಲ. ಯುದ್ಧದ್ದು ಅಂತ ನಿಮಗೆ ಮಾರಿದವರು ಸುಳ್ಳು ಹೇಳಿದರು ಅಂತಲ್ಲ, ಅವರಿಗೂ ಯಾರೋ ಹಾಗೇ ಹೇಳಿ ಮಾರಿರಬಹುದು.

ನೀವು ಬರೆದದ್ದು ಇಷ್ಟು: ಮಿಷಿಗನ್‌ನಲ್ಲಿ ಕೊಂಡ ಹಳೆಯ ಎಸ್‌ಕೆಎಸ್ ರೈಫಲ್. ರಿಸೀವರಿನ (ಬ್ಯಾರಲ್ ಹಿಂದಿನ, ಬೋಲ್ಟ್ ಕೂರುವ ಭಾಗ) ಎಡಕ್ಕೆ ತ್ರಿಕೋನದೊಳಗೆ 26, ಪಕ್ಕದಲ್ಲಿ ಚೀನೀ ಅಕ್ಷರ, 12ರಿಂದ ಶುರುವಾಗುವ ಎಂಟು ಅಂಕಿಯ ನಂಬರ್. ಬ್ಯಾರಲ್ ಕೆಳಗೆ ಸಣ್ಣದಾಗಿ ‘ಸಿಜೆಎ ಎಸ್‌ಎಫ್‌ಎಲ್‌ಡಿ ಎಂಐ’. ಇದರಲ್ಲಿ ಉತ್ತರ ಇರೋದು ಕೊನೆಯ ಸಾಲಿನಲ್ಲಿ.

ಇಂಥ ಬಂದೂಕಿನ ಮೇಲೆ ಎರಡು ದೇಶದ ಮುದ್ರೆ ಇರುತ್ತೆ. ಕಾರ್ಖಾನೆಯದ್ದು ಅದು ಹುಟ್ಟಿದ ಊರು ಹೇಳುತ್ತೆ. ಆಮದು ಮಾಡಿದವರದ್ದು ಅದು ಅಮೆರಿಕಕ್ಕೆ ಯಾವ ಬಾಗಿಲಿಂದ ಬಂತು ಅಂತ ಹೇಳುತ್ತೆ. ತ್ರಿಕೋನದ 26 ಅಂದರೆ ಚೊಂಗ್‌ಚಿಂಗ್‌ನ ಜಿಯಾನ್‌ಷೆ ಕಾರ್ಖಾನೆ. ಚೀನೀ ಅಕ್ಷರಗಳು ‘56 ಮಾದರಿ’ ಅನ್ನುತ್ತವೆ. ರಷ್ಯಾದ ಸಿಮೊನೊವ್ ರೂಪಿಸಿದ ಈ ಎಸ್‌ಕೆಎಸ್ ಬಂದೂಕನ್ನು ಚೀನಾ 1956ರಿಂದ ತಾನೇ ಮಾಡತೊಡಗಿತು, ಆ ಹೆಸರು ಅದಕ್ಕೇ. ನಂಬರಿನ ಮೊದಲ ಎರಡು ಅಂಕಿಯನ್ನು 1956ಕ್ಕೆ ಕೂಡಿಸಿ ವರ್ಷ ಹೇಳೋದು ಈ ಕಾರ್ಖಾನೆಯ ಬಂದೂಕುಗಳಿಗೆ ಸಂಗ್ರಹಕಾರರ ರೂಢಿ. ಆ ಲೆಕ್ಕದಲ್ಲಿ ನಿಮ್ಮದು 1968ರದ್ದು. ತುದಿಯಲ್ಲಿ ಮಡಚುವ ಬಯೊನೆಟ್ ಇದ್ದರೆ ನೋಡಿ. ಚೂಪಾದ ಸರಳಿನ ಥರ ಇದ್ದರೆ ವರ್ಷಕ್ಕೆ ಹೊಂದುತ್ತೆ. ಚೂರಿಯ ಥರ ಅಲಗು ಇದ್ದದ್ದು 60ರ ದಶಕದ ನಡುವಿಗೂ ಮುಂಚಿನವಕ್ಕೆ.

1968ರದ್ದು ಅಂದ ಕೂಡಲೇ ಮನಸ್ಸು ವಿಯೆಟ್ನಾಂಗೆ ಹಾರುತ್ತೆ, ಅಲ್ವಾ? ಅಲ್ಲೇ ಜನ ಎಡವೋದು. ಅಮೆರಿಕದ ಸೈನಿಕರು ಅಲ್ಲಿಂದ ಎಸ್‌ಕೆಎಸ್ ತಂದದ್ದು ನಿಜ. ಅದು ಆಟೊಮ್ಯಾಟಿಕ್ ಅಲ್ಲವಾದ್ದರಿಂದ ಕಾಗದಪತ್ರ ಮಾಡಿಸಿ ತರಬಹುದಿತ್ತು, ಆಟೊಮ್ಯಾಟಿಕ್ ಆದ ಎಕೆ ತರುವಂತಿರಲಿಲ್ಲ. ಆದರೆ ಹಾಗೆ ಬಂದ ಬಂದೂಕಿಗೆ ವ್ಯಾಪಾರಿಯ ಮುದ್ರೆ ಯಾಕೆ ಬೀಳುತ್ತೆ? ಅಮೆರಿಕದ 1968ರ ಬಂದೂಕು ಕಾನೂನಿನ ಪ್ರಕಾರ ಮುದ್ರೆ ಹೊಡೆಯಬೇಕಾದವನು ಆಮದುದಾರ. ಸಿಜೆಎ ಅಂದರೆ ಚೈನಾ ಜಿಂಗ್ ಆನ್, ಉಳಿದದ್ದು ಸೌತ್‌ಫೀಲ್ಡ್, ಮಿಷಿಗನ್. ಅಂದರೆ ನಿಮ್ಮ ರೈಫಲ್ 80ರ ದಶಕದ ಕೊನೆ, 90ರ ಶುರುವಿನಲ್ಲಿ ಹಡಗು ಹಡಗಾಗಿ ಬಂದ ಸರಕಿನದು. ಆಗ ನೂರು ಡಾಲರಿಗೂ ಕಡಿಮೆಗೆ ಸಿಗುತ್ತಿತ್ತು. 1994ರಲ್ಲಿ ಕ್ಲಿಂಟನ್ ಸರ್ಕಾರ ಚೀನಾದ ಇಂಥ ರೈಫಲ್, ಗುಂಡು ಎರಡರ ಆಮದನ್ನೂ ನಿಲ್ಲಿಸಿತು.

ನಾನೂ ಇದೇ ಕಥೆಗೆ ದುಡ್ಡು ಕೊಟ್ಟವನೇ. ಒಂದು ಗನ್ ಶೋದಲ್ಲಿ ಕೊಂಡೆ. ಮೈತುಂಬ ತುಕ್ಕು ಹಿಡಿಯದಂತೆ ಹಚ್ಚುವ ಮೇಣದಂಥ ಕಾಸ್ಮೊಲಿನ್, ಯಾವ ಅಕ್ಷರವೂ ಕಾಣುತ್ತಿರಲಿಲ್ಲ. ‘ಇಂಪೋರ್ಟ್ ಮಾರ್ಕ್ ಇಲ್ಲ, ಯುದ್ಧದ್ದೇ’ ಅಂತ ಜಾಸ್ತಿ ತಗೊಂಡರು. ಮನೆಗೆ ತಂದು ಹೇರ್ ಡ್ರೈಯರ್ ಹಿಡಿದು ಕರಗಿಸಿ ಒರೆಸಿದೆ. ಬ್ಯಾರಲ್ ಕೆಳಗೆ ಬೆರಳಿಗೆ ಏನೋ ತರಿತರಿ ತಗುಲಿತು. ಚಾಕ್ ಇರಲಿಲ್ಲ. ದೇವರ ಕೋಣೆಯ ವಿಭೂತಿ ಗಟ್ಟಿ ತಂದು ಉಜ್ಜಿ, ಬಟ್ಟೆಯಲ್ಲಿ ಒರೆಸಿದೆ. ಕಪ್ಪು ಕಬ್ಬಿಣದ ಮೇಲೆ ಬೆಳ್ಳಗೆ ಮೂಡಿತು: ಕೆಎಫ್‌ಎಸ್, ಅಟ್ಲಾಂಟಾ, ಜಾರ್ಜಿಯಾ. ಅದೂ ಆಮದುದಾರನ ಮುದ್ರೆಯೇ. ಊರಿಂದ ಬಂದಿದ್ದ ಅಮ್ಮ ಮೂರು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಬಂದೂಕಿಗಲ್ಲ, ವಿಭೂತಿಗೆ. ಟಾರ್ಚ್ ಅಡ್ಡಡ್ಡ ಹಿಡಿದರೂ ಓದಬಹುದಿತ್ತು, ಆಮೇಲೆ ಹೊಳೆಯಿತು.

ಮುದ್ರೆ ಕಾಣದಿದ್ದರೂ ಯುದ್ಧದ್ದು ಅಂತ ಸಾಬೀತಾಗಲ್ಲ. ಉಜ್ಜಿ ಅಳಿಸುವವರಿದ್ದಾರೆ. ಸೈನಿಕನ ಹೆಸರೂ ಇದೇ ನಂಬರೂ ಇರುವ ವಾರ್ ಟ್ರೋಫಿ ಕಾಗದ (ಯುದ್ಧದಿಂದ ತರಲು ಸೈನ್ಯ ಕೊಟ್ಟ ಅನುಮತಿಪತ್ರ) ಇಲ್ಲದೆ ಆ ಕಥೆಗೆ ನಾನು ಇನ್ನು ಒಂದು ಡಾಲರ್ ಜಾಸ್ತಿ ಕೊಡಲ್ಲ. ‘ಪ್ಯಾರಾಟ್ರೂಪರ್’ ಅಂತ ಮಾರುವ ಗಿಡ್ಡ ಬ್ಯಾರಲಿನದೂ ಅಷ್ಟೇ. ಅದು ಅಮೆರಿಕದ ಗಿರಾಕಿಗೆ ಇಟ್ಟ ಹೆಸರು, ಯಾವ ಪ್ಯಾರಾಟ್ರೂಪರೂ ಅದನ್ನು ಹೊತ್ತು ಹಾರಿದ್ದಿಲ್ಲ.

ನಿಮ್ಮದಕ್ಕೆ ಬೆಲೆ ಇಲ್ಲ ಅಂತಲ್ಲ. ಬೋಲ್ಟ್ (ಗುಂಡನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಭಾಗ), ಅದನ್ನು ಹೊತ್ತ ಬೋಲ್ಟ್ ಕ್ಯಾರಿಯರ್, ಟ್ರಿಗರ್ ಗಾರ್ಡ್, ಮ್ಯಾಗಜೀನ್, ಮರದ ಹಿಡಿ, ಎಲ್ಲದರಲ್ಲೂ ನಂಬರ್ ನೋಡಿ. ರಿಸೀವರಿನ ನಂಬರಿಗೆ ಹೊಂದಿದರೆ ಅದು ಭಾಗ ಬದಲಾಗದ ಸೈನ್ಯದ ಬಂದೂಕು ಅನ್ನಬಹುದು. ಚೀನಾದ ಶಸ್ತ್ರ ಕಂಪನಿ ‘ನೊರಿಂಕೊ’ದ ಹೆಸರು ಇಂಗ್ಲಿಷಿನಲ್ಲಿ ಬರೆದು ಮಾರುಕಟ್ಟೆಗೇ ಮಾಡಿದ್ದಕ್ಕಿಂತ ನನಗೆ ಇಂಥದ್ದೇ ಇಷ್ಟ.

ನೀವು ಎಚ್-1ಬಿ ವೀಸಾದಲ್ಲಿದ್ದರೆ ಒಂದು ಮಾತು. ಬೇಟೆ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಮೊದಲು ವಕೀಲರನ್ನು ಕೇಳಿ. ಮತ್ತೆ ಗುಂಡು ಹಾರಿಸುವ ಮುಂಚೆ, ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಬೋಲ್ಟ್ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗಿನ ಫೈರಿಂಗ್ ಪಿನ್ (ಗುಂಡಿಗೆ ಬಡಿಯುವ ಕಡ್ಡಿ) ಲೊಟಲೊಟ ಅನ್ನಬೇಕು. ಸದ್ದಿಲ್ಲದಿದ್ದರೆ ಕಾಸ್ಮೊಲಿನ್ ಅಂಟಿದೆ. ಹಾಗೇ ಹಾರಿಸಿದರೆ ಟ್ರಿಗರ್ ಬಿಟ್ಟ ಮೇಲೂ ಗುಂಡು ಹೋಗುತ್ತಲೇ ಇರಬಹುದು.