ವೈಕಾಟೊದ ಡೈರಿಯಲ್ಲಿ ಹುಡುಗರು ಯಾಕೆ ನಿಲ್ಲೋದಿಲ್ಲ

ತಮ್ಮಾ, ಬರುವ ಜೂನ್ 1ರಿಂದ ನ್ಯೂಜಿಲೆಂಡಿನ ವೈಕಾಟೊ ಪ್ರಾಂತದಲ್ಲಿ 420 ಹಸುವಿನ ಫಾರ್ಮನ್ನು ಕಾಂಟ್ರ್ಯಾಕ್ಟ್ ಮಿಲ್ಕಿಂಗಿಗೆ (ಒಡೆಯರ ಫಾರ್ಮಿನಲ್ಲಿ ಗುತ್ತಿಗೆಗೆ ಹಾಲು ಕರೆಯೋದಕ್ಕೆ) ಹಿಡಿಯುತ್ತಿದ್ದೀಯ, ಇಬ್ಬರು ಕೆಲಸದವರು ಬೇಕು, ಆದರೆ ಅಕ್ಕಪಕ್ಕದಲ್ಲಿ ಹುಡುಗರು ಆಗಸ್ಟ್ ಮುಗಿಯೋದರೊಳಗೆ ಗಂಟುಮೂಟೆ ಕಟ್ತಾರೆ, ಏನು ಮಾಡೋದು ಅಂತ ಕೇಳಿದ್ದೀಯ.

ಮೊದಲು ಆಳು ಹುಡುಕೋ ಮಾತು. ನ್ಯೂಜಿಲೆಂಡಿನ ಡೈರಿಯವರು ಫಾರ್ಮ್ ಬದಲಾಯಿಸೋದು ಹೆಚ್ಚಾಗಿ ಜೂನ್ 1ಕ್ಕೇ. ಹಾಗಾಗಿ ಫೆಬ್ರವರಿ-ಮಾರ್ಚಿನಲ್ಲೇ ಫಾರ್ಮ್ ಸೋರ್ಸ್, ಟ್ರೇಡ್ ಮಿ ಎರಡೂ ವೆಬ್‌ಸೈಟಿನಲ್ಲಿ ಜಾಹೀರಾತು ಹಾಕು. ಮೇ ತಿಂಗಳವರೆಗೆ ಕಾದರೆ ಒಳ್ಳೆಯವರೆಲ್ಲ ಮಾತು ಕೊಟ್ಟಾಗಿರುತ್ತೆ. ಹಸು ಎಷ್ಟು, ಹಾಲು ಕರೆಯೋ ಶೆಡ್ ಹೆರಿಂಗ್‌ಬೋನಾ (ಹಸು ಓರೆಯಾಗಿ ಸಾಲಲ್ಲಿ ನಿಲ್ಲೋದು) ರೋಟರಿಯಾ (ತಿರುಗೋ ಕಟ್ಟೆ), ರೋಸ್ಟರ್ (ಕೆಲಸ-ರಜೆಯ ಸರದಿ) ಏನು, ಗಂಟೆಗೆ ಎಷ್ಟು, ಮನೆಗೆ ಎಷ್ಟು ಕೋಣೆ, ಸ್ಕೂಲ್ ಬಸ್ ಎಲ್ಲಿ ನಿಲ್ಲುತ್ತೆ, ಎಲ್ಲ ಬರೆ. ಹಳೇ ಯಜಮಾನನಿಗೆ ಫೋನ್ ಮಾಡಿದಾಗ 'ಹುಡುಗ ಹೇಗೆ' ಅಂತ ಕೇಳಬೇಡ, 'ಮತ್ತೆ ಬಂದರೆ ಇಟ್ಕೋತೀರಾ' ಅಂತ ಕೇಳು. ಉತ್ತರಕ್ಕೆ ಮುಂಚೆ ತಡವರಿಸಿದರೆ ನಿನಗೆ ಗೊತ್ತಾಗುತ್ತೆ.

ಊರಿಂದ ಯಾರನ್ನಾದರೂ ಕರೆಸಬೇಕಂದರೆ ಮೊದಲು ಅಕ್ರೆಡಿಟೆಡ್ ಎಂಪ್ಲಾಯರ್ (ಹೊರದೇಶದವರನ್ನು ಇಟ್ಟುಕೊಳ್ಳೋದಕ್ಕೆ ಸರಕಾರದ ಒಪ್ಪಿಗೆ ಪಡೆದವನು) ಆಗಿ, ಆಮೇಲೆ ಜಾಬ್ ಚೆಕ್ (ಆ ಕೆಲಸಕ್ಕೇ ಸಿಗೋ ಒಪ್ಪಿಗೆ) ದಾಟಬೇಕು, ಸಮಯ ಹಿಡಿಯುತ್ತೆ. ಕೆಲಸ ಕೊಡೋದಕ್ಕೆ ಅಂತ ಹುಡುಗನ ಹತ್ತಿರ ನೀನಾಗಲಿ ನಿನ್ನ ಪರವಾಗಿ ಏಜೆಂಟಾಗಲಿ ದುಡ್ಡು ಮುಟ್ಟಿದರೆ ಅದು 1983ರ ವೇಜಸ್ ಪ್ರೊಟೆಕ್ಷನ್ ಕಾಯ್ದೆಗೆ ವಿರುದ್ಧ. ಚಿಕ್ಕಪ್ಪನ ಮಗನೇ ಆದರೂ ಕಾಗದ ಕಾಗದವೇ.

ಆ ಕಾಗದದಲ್ಲಿ, ಅಂದರೆ ಕೆಲಸದ ಒಪ್ಪಂದದಲ್ಲಿ, 90 ದಿನದ ಟ್ರಯಲ್ (ಪರೀಕ್ಷೆಯ ಅವಧಿ) ಹಾಕೋದಾದರೆ ಕೆಲಸಕ್ಕೆ ಕಾಲಿಡೋ ಮುಂಚೆಯೇ ಸಹಿ ಆಗಿರಬೇಕು. ಒಂದು ದಿನ ತಡವಾದರೂ ಆ ಷರತ್ತಿಗೆ ಬೆಲೆಯಿಲ್ಲ. ಇಂಟರ್‌ವ್ಯೂಗೆ ಬಂದವನನ್ನು ಶೆಡ್ಡಿನಲ್ಲಿ ನಿಲ್ಲಿಸಿ ತೋರಿಸು, ಮಾತಾಡಿಸು, ಆದರೆ ಕೈಗೆ ಹಾಲು ಕರೆಯೋ ಮಷಿನ್ನಿನ ಕಪ್ ಕೊಡಬೇಡ. ಅದು ಕೆಲಸ ಅಂತಲೇ ಲೆಕ್ಕವಾಗಬಹುದು.

ಇನ್ನು ಸಂಬಳ. ಹೊಸಬರು ಎಡವೋದು ಇಲ್ಲೇ. 2025ರ ಏಪ್ರಿಲ್ 1ರಿಂದ ಕನಿಷ್ಠ ಕೂಲಿ ಗಂಟೆಗೆ 23.50 ಡಾಲರ್ ಆಗಿತ್ತು, ಉದಾಹರಣೆಗೆ ಆ ದರ ಇಟ್ಟುಕೊಂಡು ಲೆಕ್ಕ ನೋಡು. ಕೆಲಸದವನಿಗೆ ವರ್ಷಕ್ಕೆ 65,000 ಅಂದರೆ ಎರಡು ವಾರದ ಬಟವಾಡೆ 2,500. ಕರು ಹಾಕೋ ಕಾಲದಲ್ಲಿ ಅವನು ಆ ಎರಡು ವಾರದಲ್ಲಿ 130 ಗಂಟೆ ದುಡಿದರೆ ಕಾನೂನಿನ ಪ್ರಕಾರ 3,055 ಸೇರಬೇಕು, ಬಾಕಿ 555 ನಿನ್ನ ಮೇಲೆ. 'ಬೇಸಿಗೆಯಲ್ಲಿ ಕಡಿಮೆ ದುಡೀತಾನೆ, ಅಲ್ಲಿಗಲ್ಲಿಗೆ ಸರಿಹೋಗುತ್ತೆ' ಅನ್ನೋ ಲೆಕ್ಕ ಇಲ್ಲಿ ನಡೆಯೋದಿಲ್ಲ. ಪ್ರತಿ ಬಟವಾಡೆಗೂ ಬೇರೆ ಬೇರೆ ಲೆಕ್ಕ, ಅದಕ್ಕೆ ಗಂಟೆಗಳನ್ನು ಅವತ್ತವತ್ತೇ ಬರೆಸು. ಆ ಕಾಗದ ಆರು ವರ್ಷ ಜೋಪಾನ ಮಾಡಬೇಕು. ಸರಕಾರಿ ರಜೆ ದಿನ ಶೆಡ್ಡಿಗೆ ಬಂದರೆ ಒಂದೂವರೆ ಪಟ್ಟು ಕೂಲಿ, ಅದು ಅವನ ಮಾಮೂಲಿ ಕೆಲಸದ ದಿನವಾಗಿದ್ದರೆ ಬದಲಿಗೆ ಒಂದು ರಜೆ ಕೂಡ.

ಕಲಿಸೋದಕ್ಕೆ ಜೂನ್ ತಿಂಗಳಷ್ಟು ಒಳ್ಳೇ ಕಾಲ ಇಲ್ಲ, ಹಸುಗಳೆಲ್ಲ ಹಾಲು ಬತ್ತಿ ನಿಂತಿರುತ್ತವೆ. ಖಾಲಿ ಶೆಡ್ಡಲ್ಲೇ ಮಷಿನ್ ಹಾಕಿ ಕಪ್ಪೊಳಗೆ ಹೆಬ್ಬೆರಳು ಇಡಿಸು. ಎಳೆತ ಎಷ್ಟಿದೆ ಅಂತ ಬೆರಳಿಗೆ ಗೊತ್ತಾದವನು ಆಮೇಲೆ ಕಪ್ಪನ್ನು ಜಗ್ಗಿ ಕೀಳೋದಿಲ್ಲ. ಹಾಕುವಾಗ ಸಣ್ಣ ಟ್ಯೂಬನ್ನು ಮಡಚಿ ಹಿಡಿದು, ಮೊಲೆತೊಟ್ಟಿನ ತುದಿಗೆ ತಂದ ಮೇಲೆ ಬಿಡಬೇಕು, 'ಸ್ಸ್' ಅಂತ ಗಾಳಿ ಎಳೆದರೆ ತಪ್ಪಾಯ್ತು. ತೆಗೆಯುವಾಗ ಮೊದಲು ಎಳೆತ (ವ್ಯಾಕ್ಯೂಮ್) ಬಂದ್ ಮಾಡಿ, ಕಪ್ ತಾನಾಗಿ ಸಡಿಲವಾಗಲಿ. ಎಳೆತ ಇರುವಾಗಲೇ ಕಿತ್ತರೆ ಒಳಗೆ ನುಗ್ಗಿದ ಗಾಳಿ ಹಾಲಿನ ಹನಿಯನ್ನು ವಾಪಸ್ ತೊಟ್ಟಿನೊಳಕ್ಕೆ ಹೊಡೆಯುತ್ತೆ, ಹಿಂದೆಯೇ ಕೆಚ್ಚಲು ಬಾವು.

ಮೊಲೆತೊಟ್ಟಿಗೆ ಔಷಧಿ ಸ್ಪ್ರೇ ಮಾಡೋದು ಹಸುವಿಗೆ ಒಂದು ಹೊತ್ತಿಗೆ 20 ಮಿಲಿ. ಅವನ ಹಿಂದೆ ನಿಂತು ಕಾಯಬೇಡ, ಡ್ರಮ್ ನೋಡು. ಪೂರಾ 420 ಹಸು ಕರೆದ ಹೊತ್ತಿಗೆ ಸುಮಾರು ಎಂಟೂವರೆ ಲೀಟರ್ ಇಳಿದಿರಬೇಕು. ನಾಲ್ಕೇ ಇಳಿದಿದ್ದರೆ ತೊಟ್ಟಿನ ಒಂದೇ ಪಕ್ಕ ಒದ್ದೆಯಾಗಿದೆ ಅಂತ ಅರ್ಥ. ಮತ್ತೆ ತೋರಿಸು.

ಕರು ಹಾಕಿದ ಮೇಲೆ ಮೊದಲ ಎಂಟು ಹೊತ್ತಿನ ಹಾಲು, ಮಾರೋ ಹಾಲು ಕೂಡಿಡೋ ವ್ಯಾಟಿಗೆ ಹೋಗಬಾರದು (ಗಿಣ್ಣು ತಿನ್ನೋ ಆಸೆಯಿದ್ದರೆ ಮೊದಲ ಹೊತ್ತಿನದ್ದು ಒಂದು ಕ್ಯಾನ್ ಎತ್ತಿಡು, ಕರುಗಳಿಗೆ ಕಡಿಮೆಯಾಗದಂತೆ). ಬಾವು ಬಂದ ಹಸುವಿಗೆ ಔಷಧಿ ಕೊಡೋದು ಕೊನೇ ಕೆಲಸ: ಮೊದಲು ಕೆಂಪು ಬಣ್ಣ ಹಚ್ಚು, ಬೋರ್ಡಲ್ಲಿ ನಂಬರ್ ಬರೆ, ಗುಂಪಿಂದ ಬೇರೆ ಮಾಡು, ಆಮೇಲೆ ಔಷಧಿಯ ಟ್ಯೂಬ್. ಈ ಸಾಲು ತಿರುಗಾಮುರುಗಾ ಆದಾಗಲೇ ಆ್ಯಂಟಿಬಯಾಟಿಕ್ ಹಾಲು ವ್ಯಾಟಿಗೆ ಬೀಳೋದು.

ಬಿದ್ದರೆ? ಟ್ಯಾಂಕರ್ ಬರೋ ಮುಂಚೆ ಗೊತ್ತಾದರೆ ಹೋಗೋದು ನಿನ್ನ ಒಂದು ವ್ಯಾಟ್. ಟ್ಯಾಂಕರಿಗೆ ಹತ್ತಿದ ಮೇಲೆ ಬೇರೆಯವರ ಹಾಲೂ ಕೆಡುತ್ತೆ. ಬೆಳಗಿನ ಜಾವ ಐದಕ್ಕೆ ಫೋನ್ ಮಾಡಿ 'ತಪ್ಪಾಯ್ತು' ಅಂದವನಿಗೆ ಒಂದು ಸಲ ಬೈದು ನೋಡು, ಮುಂದಿನ ಸಲ ಅವನು ಫೋನೇ ಮಾಡೋದಿಲ್ಲ. ಹಾಲಿನ ಪೈಪನ್ನು ವ್ಯಾಟಿಂದ ತೆಗೆಯದೆ ತೊಳೆಯೋ ನೀರು ಬಿಡೋದು, ಹಾಲು ತಂಪು ಮಾಡೋ ಚಿಲ್ಲರಿನ ಸ್ವಿಚ್ ಮರೆಯೋದು, ಇವೂ ಇದೇ ಜಾತಿಯವು. ಇದನ್ನೆಲ್ಲ ಬಾಗಿಲ ಪಕ್ಕ ದೊಡ್ಡಕ್ಷರದಲ್ಲಿ ಬರೆದು ಅಂಟಿಸು, ಅವನ ಭಾಷೆಯಲ್ಲಿ. ಫಿಲಿಪೀನ್ಸಿನವನಾದರೆ ಟಗಲಾಗಿನಲ್ಲಿ ಅವನ ಕೈಯಲ್ಲೇ ಬರೆಸು.

ರೋಸ್ಟರನ್ನು 11 ದಿನ ಕೆಲಸ 3 ದಿನ ರಜೆ ಅಂತ ಇಡೋರಿದ್ದಾರೆ. ಆಳು ಕಮ್ಮಿ ಅಂತಲೇ ಹಾಗೆ ಮಾಡ್ತಾರೆ, ಅದರಿಂದಲೇ ಇನ್ನೂ ಕಮ್ಮಿಯಾಗುತ್ತೆ. 6ಕ್ಕೆ 2 ಇಡು. ಕರು ಹಾಕೋ ಕಾಲದಲ್ಲಿ ಆ 2 ದಿನ ಕಿತ್ತುಕೊಳ್ಳಬೇಡ, ಬೇಕಾದರೆ ಬದಲಿ ಹಾಲು ಕರೆಯುವವನನ್ನು ಹೊತ್ತಿನ ಲೆಕ್ಕದಲ್ಲಿ ಈಗಲೇ ಗೊತ್ತುಮಾಡು. ರಜೆ ದಿನ 'ಒಂದೈದು ನಿಮಿಷ ಗೇಟ್ ತೆಗೆದು ಹೋಗು' ಅಂತ ಫೋನ್ ಮಾಡೋದೂ ರಜೆ ಕಿತ್ತುಕೊಂಡಂತೆಯೇ.

ಕೆಲಸದವನಿಗೆ ಕೊಡೋ ಮನೆಯದ್ದು ಅವನ ಹೆಂಡತಿ-ಮಕ್ಕಳ ವಿಷಯ. ಹುಡುಗನಿಗೆ ಕೆಲಸ ಹಿಡಿಸಿದ್ದರೂ ಗೋಡೆಗೆ ಬೂಷ್ಟು ಹಿಡಿದರೆ ಹೆಂಡತಿ ನಿಲ್ಲೋದಿಲ್ಲ. ಹೀಟರ್ ಹಜಾರವನ್ನು 18 ಡಿಗ್ರಿಗೆ ಏರಿಸಬೇಕು ಅನ್ನೋದು ಬಾಡಿಗೆ ಮನೆಗಳ ಕಾನೂನು. ಮನೆ ಫಾರ್ಮಿನ ಒಡೆಯರದ್ದಾಗಿದ್ದರೆ ಇದನ್ನೆಲ್ಲ ನಿನ್ನ ಕಾಂಟ್ರ್ಯಾಕ್ಟಿಗೆ ಸಹಿ ಹಾಕೋ ಮುಂಚೆಯೇ ಬರೆಸಿಕೋ. ಮೇ ಕೊನೇ ವಾರ ಒಂದು ರಾತ್ರಿ ನೀನೇ ಆ ಮನೆಯಲ್ಲಿ ಮಲಗಿ ನೋಡು.