ಯುವರಾಜರ ಓದಿನ ಮೇಲೆ ಕ್ವಿಜ್ ಸುತ್ತು: ‘ಓದಿದ್ದು’ ಬೇರೆ, ‘ಪಾಸಾಗಿದ್ದು’ ಬೇರೆ

ಮೇಡಂ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಹೈಸ್ಕೂಲು ಮಕ್ಕಳ ಕ್ವಿಜ್‌ಗೆ ‘ಯುರೋಪಿನ ರಾಜಮನೆತನದವರ ಓದು’ ಅಂತ ಹತ್ತು ಪ್ರಶ್ನೆಯ ಒಂದು ಸುತ್ತು ಮಾಡಬೇಕು, ಯಾವ ಪ್ರಶ್ನೆ ತಕರಾರಿಲ್ಲದೆ ನಿಲ್ಲುತ್ತದೆ ಅಂತ ಕೇಳಿದ್ದೀರಿ. ಮೇಲಿನ ಉತ್ತರಗಳಲ್ಲಿ ಮೂರ್ನಾಲ್ಕು ಜನ ಆಗಲೇ ಯಾರು ಎಲ್ಲಿ ಓದಿದರು ಅಂತ ಪಟ್ಟಿ ಹಾಕಿದ್ದಾರೆ. ಪಟ್ಟಿ ಚೆನ್ನಾಗಿದೆ, ಆದರೆ ಅದನ್ನೇ ಎತ್ತಿ ಪ್ರಶ್ನೆ ಮಾಡಬೇಡಿ. ‘ಇವರು ಎಲ್ಲಿ ಓದಿದರು?’ ಅಂದರೆ ಗೊತ್ತಿದ್ದವನು ಹೇಳುತ್ತಾನೆ, ಗೊತ್ತಿಲ್ಲದವನು ಸುಮ್ನೆ ಆಕ್ಸ್‌ಫರ್ಡ್ ಅಂದುಬಿಡುತ್ತಾನೆ. ಎಷ್ಟೋ ಸಲ ಅದು ಸರಿಯೂ ಆಗುತ್ತದೆ!

ಮೊದಲು ನಾನು ಮುಗ್ಗರಿಸಿದ ಕಥೆ ಕೇಳಿ. ಒಂದು ಕಾಲೇಜಿನ ಕ್ವಿಜ್‌ನಲ್ಲಿ ‘ಬ್ರಿಟನ್ನಿನ ಪ್ರಿನ್ಸ್ ವಿಲಿಯಂ ಯಾವ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು?’ ಅಂತ ಕೇಳಿದ್ದೆ. ಸೇಂಟ್ ಆಂಡ್ರೂಸ್, ಭೂಗೋಳ, ಎಂ.ಎ. ಅಂತ ಓದಿದ್ದೆನಲ್ಲ, ಧೈರ್ಯವಾಗಿ ಸ್ಲೈಡ್ ಹಾಕಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ಅವರು ಸ್ನಾತಕೋತ್ತರ ಮಾಡೇ ಇಲ್ಲ’ ಅಂದಳು. ಅವಳು ಹೇಳಿದ್ದು ಸರಿ. ಸ್ಕಾಟ್ಲೆಂಡಿನ ಹಳೇ ವಿಶ್ವವಿದ್ಯಾಲಯಗಳಲ್ಲಿ ಕಲಾ ವಿಭಾಗದ ಮೊದಲ ಡಿಗ್ರಿಗೇ ಎಂ.ಎ. ಅಂತ ಹೆಸರು. ನಾಲ್ಕು ವರ್ಷದ ಕೋರ್ಸು. ವಿಲಿಯಂ 2001ರಲ್ಲಿ ಕಲಾ ಇತಿಹಾಸಕ್ಕೆ ಸೇರಿ, ನಡುವೆ ಭೂಗೋಳಕ್ಕೆ ಬದಲಾಯಿಸಿಕೊಂಡು, 2005ರಲ್ಲಿ ಅದನ್ನು ಮುಗಿಸಿದರು. ನಮ್ಮ ಲೆಕ್ಕದಲ್ಲಿ ಅದು ಬಿ.ಎ. ಅಷ್ಟೆ.

ಕೇಂಬ್ರಿಜ್‌ನ ಎಂ.ಎ. ಇನ್ನೂ ತಮಾಷೆ. ಅಲ್ಲಿ ಬಿ.ಎ. ಮುಗಿಸಿ ಕೆಲವು ವರ್ಷ ಕಳೆದರೆ, ಬೇರೆ ಪರೀಕ್ಷೆ ಬರೆಯದೆಯೇ ಎಂ.ಎ. ಸಿಗುತ್ತದೆ. ಈಗಿನ ರಾಜ ಚಾರ್ಲ್ಸ್ ಹೆಸರಿನ ಮುಂದೆ ಎಂ.ಎ. ಬಂದದ್ದು ಹಾಗೆ. ಅವರು ನಿಜವಾಗಿ ಪರೀಕ್ಷೆ ಬರೆದು ಪಡೆದದ್ದು 1970ರ ಬಿ.ಎ. ಟ್ರಿನಿಟಿ ಕಾಲೇಜಿನಲ್ಲಿ ಪುರಾತತ್ವ, ಮಾನವಶಾಸ್ತ್ರದಿಂದ ಶುರುಮಾಡಿ ಇತಿಹಾಸಕ್ಕೆ ಹೋದರು. ಬಂದದ್ದು ಲೋವರ್ ಸೆಕೆಂಡ್ ಕ್ಲಾಸ್. ಆದರೂ ಬ್ರಿಟಿಷ್ ಸಿಂಹಾಸನದ ವಾರಸುದಾರರಲ್ಲಿ ಡಿಗ್ರಿ ಪಡೆದ ಮೊದಲಿಗರು ಅವರೇ. ಇಲ್ಲಿ ‘ವಾರಸುದಾರ’ ಅನ್ನುವ ಪದ ಬಿಡಬೇಡಿ. ‘ಬ್ರಿಟಿಷ್ ರಾಜಮನೆತನದಲ್ಲೇ ಮೊದಲಿಗರು’ ಅಂತ ಬರೆದರೆ, ಅವರ ಸಂಬಂಧಿ ಗ್ಲಾಸ್ಟರ್ ಡ್ಯೂಕ್ ರಿಚರ್ಡ್ 1966ರಲ್ಲೇ ಕೇಂಬ್ರಿಜ್‌ನಲ್ಲಿ ವಾಸ್ತುಶಿಲ್ಪದ ಡಿಗ್ರಿ ಪಡೆದಿದ್ದಾರೆ ಅಂತ ಯಾರಾದರೂ ಎದ್ದೇಳುತ್ತಾರೆ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿಕೊಳ್ಳಿ: ಸೇರಿದ್ದು, ಸ್ವಲ್ಪ ದಿನ ಓದಿದ್ದು, ಡಿಗ್ರಿ ಕೈಗೆ ಬಂದದ್ದು. ಹಳೇ ರಾಜರಲ್ಲಿ ಜಾಸ್ತಿ ಜನ ಎರಡನೇ ಕಾಲಂನಲ್ಲೇ ನಿಲ್ಲುತ್ತಾರೆ. ಏಳನೇ ಎಡ್ವರ್ಡ್ ಯುವರಾಜನಾಗಿದ್ದಾಗ ಎಡಿನ್‌ಬರೋ, ಆಕ್ಸ್‌ಫರ್ಡ್, ಕೇಂಬ್ರಿಜ್ ಮೂರೂ ಕಡೆ ಓದಿದ, ಡಿಗ್ರಿ ಒಂದೂ ಇಲ್ಲ. ಬೇರೆ ಹುಡುಗರ ಜೊತೆ ಬೆರೆತು ಕೆಟ್ಟಾನು ಅಂತ ಅಪ್ಪ ಆಲ್ಬರ್ಟ್ ಅವನಿಗೆ ಕಾಲೇಜಿನ ಹೊರಗೆ ಪ್ರತ್ಯೇಕ ಮನೆ ಮಾಡಿಟ್ಟಿದ್ದ. ಎಂಟನೇ ಎಡ್ವರ್ಡ್ ಆಕ್ಸ್‌ಫರ್ಡ್‌ನ ಮಾಡ್ಲಿನ್ ಕಾಲೇಜಿಗೆ ಹೋಗಿ ಡಿಗ್ರಿಯಿಲ್ಲದೆ ಹೊರಬಂದ. ಅವನ ತಮ್ಮ ಆರನೇ ಜಾರ್ಜ್ ಆಸ್ಬೋರ್ನ್ ನೌಕಾ ಶಾಲೆಯ ಕೊನೆ ಪರೀಕ್ಷೆಯಲ್ಲಿ ಇಡೀ ತರಗತಿಗೇ ಕೊನೆಯವನು. ಈ ಕೊನೆಯದನ್ನು ಮಕ್ಕಳಿಗೆ ಖಂಡಿತ ಕೇಳಿ, ನಗುತ್ತಾರೆ.

ರಾಣಿ ಎಲಿಜಬೆತ್ ಅಂತೂ ಯಾವ ಕಾಲಂನಲ್ಲೂ ಇಲ್ಲ. ಅವರು ಶಾಲೆಗೇ ಹೋದವರಲ್ಲ. ಮನೆಯಲ್ಲೇ ಮರಿಯನ್ ಕ್ರಾಫರ್ಡ್ ಅನ್ನುವ ಶಿಕ್ಷಕಿ ಪಾಠ ಹೇಳುತ್ತಿದ್ದರು. ಸಂವಿಧಾನದ ಇತಿಹಾಸಕ್ಕೆ ಈಟನ್ ಶಾಲೆಯ ಹೆನ್ರಿ ಮಾರ್ಟನ್. 1945ರಲ್ಲಿ ಸೇನೆಯ ಮಹಿಳಾ ವಿಭಾಗ ಸೇರಿ ಗಾಡಿ ಓಡಿಸುವುದು, ಎಂಜಿನ್ ಬಿಚ್ಚಿ ಜೋಡಿಸುವುದು ಕಲಿತರು. ಇದನ್ನು ಪ್ರಶ್ನೆ ಮಾಡುವಾಗ ತಿರುಗಿಸಿ ಕೇಳಿ: ‘ಶಾಲೆಯ ಮೆಟ್ಟಿಲು ಹತ್ತದ, ಆದರೆ ಮೆಕ್ಯಾನಿಕ್ ಕೆಲಸ ಕಲಿತ ಈ ರಾಣಿ ಯಾರು?’ ಕೊನೇ ಬೆಂಚಿನವರೂ ಕೈ ಎತ್ತುತ್ತಾರೆ.

ಅಂದಹಾಗೆ ಈಟನ್ ‘ಪಬ್ಲಿಕ್ ಸ್ಕೂಲ್’ ಅಂತ ಎಲ್ಲಾ ಕಡೆ ಬರೆದಿರುತ್ತದೆ. ಸರ್ಕಾರಿ ಶಾಲೆ ಅಂತ ಅನುವಾದ ಮಾಡಿಬಿಡಬೇಡಿ. ಇಂಗ್ಲೆಂಡಿನಲ್ಲಿ ಆ ಹೆಸರಿರುವುದು ದುಬಾರಿ ಫೀಸಿನ ಹಳೇ ಖಾಸಗಿ ಶಾಲೆಗಳಿಗೆ. 1440ರಲ್ಲಿ ಆರನೇ ಹೆನ್ರಿ ಅದನ್ನು ಕಟ್ಟಿಸಿದ್ದು 70 ಬಡ ಹುಡುಗರಿಗೆ ಪುಕ್ಕಟೆ ಓದಿಸಲು. ಈಗ ಯಾರು ಓದುತ್ತಾರೆ ನೋಡಿ!

ಕ್ವಿಜ್ ಸುತ್ತಿಗೆ ಒಂದು ಒಳ್ಳೆಯ ‘ಕನೆಕ್ಟ್’, ಅಂದರೆ ಹಲವರನ್ನು ಒಂದೇ ಎಳೆಯಲ್ಲಿ ಜೋಡಿಸುವ ಪ್ರಶ್ನೆ, ಬೇಕು ಅಲ್ವಾ? ನನ್ನನ್ನು ಕೇಳಿದರೆ ಕುರ್ಟ್ ಹಾನ್ ಹೆಸರು ಇಟ್ಟುಕೊಳ್ಳಿ. ಜರ್ಮನಿಯ ಯಹೂದಿ ಶಿಕ್ಷಕ. ದಕ್ಷಿಣ ಜರ್ಮನಿಯ ಸಾಲೆಂ ಶಾಲೆ ನಡೆಸುತ್ತಿದ್ದರು. ಹಿಟ್ಲರನನ್ನು ಎದುರುಹಾಕಿಕೊಂಡು 1933ರಲ್ಲಿ ಬಂಧನವಾಗಿ, ಬ್ರಿಟನ್ನಿಗೆ ಹೋಗಬೇಕಾಯಿತು. 1934ರಲ್ಲಿ ಸ್ಕಾಟ್ಲೆಂಡಿನಲ್ಲಿ ಗಾರ್ಡನ್‌ಸ್ಟನ್ ಶಾಲೆ ತೆರೆದರು. ಸಾಲೆಂನಲ್ಲಿ ಸ್ವಲ್ಪ ದಿನ ಓದಿದ್ದ ಫಿಲಿಪ್, ಅಂದರೆ ಮುಂದೆ ಎಲಿಜಬೆತ್‌ರ ಗಂಡ, ಈ ಹೊಸ ಶಾಲೆಯ ಮೊದಮೊದಲ ವಿದ್ಯಾರ್ಥಿಗಳಲ್ಲೊಬ್ಬ. ಬೆಳಗಿನ ಓಟ, ತಣ್ಣೀರು ಸ್ನಾನ, ಹಡಗು ನಡೆಸುವುದು, ಇವೆಲ್ಲ ಓದಿನಷ್ಟೇ ಮುಖ್ಯ. ಫಿಲಿಪ್‌ಗೆ ಅದು ಒಗ್ಗಿತು. ಮಗ ಚಾರ್ಲ್ಸ್‌ನನ್ನೂ ಅಲ್ಲಿಗೇ ಹಾಕಿದರು, ಅವನಿಗೆ ಒಗ್ಗಲಿಲ್ಲ. 1966ರಲ್ಲಿ ಎರಡು ಟರ್ಮ್ ಆಸ್ಟ್ರೇಲಿಯಾದ ಟಿಂಬರ್‌ಟಾಪ್ ಶಾಲೆಗೆ ಹೋದ ಮೇಲೆಯೇ ಹುಡುಗ ಚಿಗುರಿದ್ದು.

ಹಾನ್ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಬೇರೆ ಬೇರೆ ದೇಶದ ಹುಡುಗರು ಒಟ್ಟಿಗೆ ಓದಿದರೆ ಮುಂದೆ ಯುದ್ಧ ಮಾಡಲಾರರು ಅನ್ನುವ ಅವರ ಯೋಚನೆಯಿಂದ 1962ರಲ್ಲಿ ವೇಲ್ಸ್‌ನ ಕಡಲ ದಂಡೆಯ ಸೇಂಟ್ ಡೊನಾಟ್ಸ್ ಕೋಟೆಯಲ್ಲಿ ಅಟ್ಲಾಂಟಿಕ್ ಕಾಲೇಜು ಶುರುವಾಯಿತು. ನಮ್ಮ ಪಿಯುಸಿ ಎರಡು ವರ್ಷ ಇದ್ದ ಹಾಗೆ. ಈಗ ನೋಡಿ ಯಾರ್ಯಾರು ಓದಿದ್ದಾರೆ: ನೆದರ್ಲೆಂಡ್ಸ್‌ನ ಈಗಿನ ರಾಜ ವಿಲೆಂ-ಅಲೆಕ್ಸಾಂಡರ್ (1985), ಅವರ ಮಗಳು ಅಲೆಕ್ಸಿಯಾ, ಬೆಲ್ಜಿಯಂನ ಪಟ್ಟದ ರಾಜಕುಮಾರಿ ಎಲಿಸಬೆತ್ (2020), ಸ್ಪೇನಿನ ಲಿಯೋನೋರ್ (2023), ಅವಳ ತಂಗಿ ಸೋಫಿಯಾ. ನಾಲ್ಕು ಫೋಟೋ ಹಾಕಿ ‘ಇವರನ್ನು ಜೋಡಿಸುವ ಕೋಟೆ ಯಾವುದು?’ ಅಂದರೆ ಸಾಕು. ಇದೇ ಬಳಗದ ಒಂದು ಕಾಲೇಜು 1997ರಿಂದ ಪುಣೆ ಹತ್ತಿರವೂ ಇದೆ. ಅದನ್ನು ಸುಳಿವಾಗಿ ಕೊಡಿ.

ನನಗೆ ತುಂಬಾ ಇಷ್ಟದ ಪ್ರಶ್ನೆ ಡೆನ್ಮಾರ್ಕಿನದು. ಈಗಿನ ರಾಜ ಹತ್ತನೇ ಫ್ರೆಡರಿಕ್ 1992-93ರಲ್ಲಿ ಹಾರ್ವರ್ಡ್‌ಗೆ ಹೋದಾಗ ಯಾರಿಗೂ ಗುರುತು ಸಿಗಬಾರದು ಅಂತ ಬೇರೆ ಹೆಸರಲ್ಲಿ ಸೇರಿದರು: ಫ್ರೆಡರಿಕ್ ಹೆನ್ರಿಕ್ಸನ್. ಅಪ್ಪನ ಹೆಸರು ಹೆನ್ರಿಕ್, ಅದರ ಮೇಲೆ ‘ಮಗ’. ಸ್ಲೈಡ್ ಮೇಲೆ ಆ ಹೆಸರು ಮಾತ್ರ ಬರೆದು, ಅದನ್ನು ಬಿಡಿಸಿ ರಾಜನನ್ನು ಹುಡುಕಲು ಹೇಳಿ. ಗೊತ್ತಿಲ್ಲದಿದ್ದರೂ ಯೋಚಿಸಿ ತಲುಪಬಹುದು. ಒಳ್ಳೆಯ ಪ್ರಶ್ನೆ ಅಂದರೆ ನನ್ನ ಮಟ್ಟಿಗೆ ಅದೇ. ಅವರು 1995ರಲ್ಲಿ ಆರ್ಹುಸ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಮಾಸ್ಟರ್ಸ್ ಮುಗಿಸಿದರು. ಇದು ನಾವು ಅಂದುಕೊಳ್ಳುವ ಅಸಲಿ ಸ್ನಾತಕೋತ್ತರ, ಇದಕ್ಕೆ ತಕರಾರು ಬರುವುದಿಲ್ಲ.

ನಾರ್ವೆಯನ್ನು ಒಂದೇ ಪ್ರಶ್ನೆಯಲ್ಲಿ ಮುಗಿಸಿ. ಅಜ್ಜ ಐದನೇ ಓಲಾವ್, ಮಗ ಐದನೇ ಹರಾಲ್ಡ್ ಇಬ್ಬರೂ ಆಕ್ಸ್‌ಫರ್ಡ್‌ನ ಬೇಲಿಯಲ್ ಕಾಲೇಜು. ಮೊಮ್ಮಗ ಹೋಕನ್ ಸಂಪ್ರದಾಯ ಮುರಿದು ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋಗಿ 1999ರಲ್ಲಿ ಡಿಗ್ರಿ ಪಡೆದರು.

ಸ್ವೀಡನ್ನಿನದು ಮಕ್ಕಳಿಗಾಗಿ ಇರಲಿ. ಅಲ್ಲಿನ ರಾಜ ಹದಿನಾರನೇ ಕಾರ್ಲ್ ಗುಸ್ತಾಫ್, ಮಗಳು ವಿಕ್ಟೋರಿಯಾ, ಮಗ ಕಾರ್ಲ್ ಫಿಲಿಪ್ ಮೂವರಿಗೂ ಡಿಸ್ಲೆಕ್ಸಿಯಾ (ಓದು-ಬರಹ ಕಷ್ಟವಾಗುವ ತೊಡಕು) ಇದೆ, ಅದನ್ನು ಎಲ್ಲರ ಮುಂದೆ ಹೇಳಿಕೊಂಡಿದ್ದಾರೆ. ವಿಕ್ಟೋರಿಯಾ ಫ್ರಾನ್ಸಿನಲ್ಲಿ ಓದಿ, ಯೇಲ್‌ನಲ್ಲಿ ಓದಿ, ಕೊನೆಗೆ 2009ರಲ್ಲಿ ಉಪ್ಸಾಲಾದಿಂದ ಡಿಗ್ರಿ ತಗೊಂಡರು. ಆಗ ಅವರಿಗೆ 30 ದಾಟಿತ್ತು. ನಿಮ್ಮ ಕ್ಲಾಸಿನಲ್ಲೂ ಅಕ್ಷರ ಕೂಡಿಸಿ ಓದಲು ಒದ್ದಾಡುವ ಮಗು ಇರುತ್ತದೆ. ಆದರೆ ಪ್ರಶ್ನೆಯನ್ನು ಅಯ್ಯೋ ಪಾಪ ಅನ್ನುವ ಧಾಟಿಯಲ್ಲಿ ಬರೆಯಬೇಡಿ.

ಈಗ ಓದುತ್ತಿರುವವರ ಬಗ್ಗೆ ಒಂದು ಎಚ್ಚರಿಕೆ. ಇವರ ವಿವರ ವರ್ಷವರ್ಷ ಬದಲಾಗುತ್ತದೆ. ಬೆಲ್ಜಿಯಂನ ಎಲಿಸಬೆತ್ ಆಕ್ಸ್‌ಫರ್ಡ್‌ನ ಲಿಂಕನ್ ಕಾಲೇಜು ಮುಗಿಸಿ 2024ರಲ್ಲಿ ಹಾರ್ವರ್ಡ್ ಸೇರಿದರು. ಲಿಯೋನೋರ್ 2023ರಲ್ಲಿ ಸಾರಗೋಸಾದ ಸೇನಾ ಅಕಾಡೆಮಿಗೆ, ಆಮೇಲೆ ನೌಕಾ ಶಾಲೆಗೆ ಹೋದರು. ನೆದರ್ಲೆಂಡ್ಸ್‌ನ ಅಮಾಲಿಯಾ 2022ರಲ್ಲಿ ಆಮ್ಸ್ಟರ್‌ಡ್ಯಾಮ್‌ನಲ್ಲಿ ಓದಲು ಶುರು ಮಾಡಿ, ಬೆದರಿಕೆ ಬಂದದ್ದರಿಂದ ವಿದ್ಯಾರ್ಥಿ ಮನೆ ಬಿಟ್ಟು ಅರಮನೆಗೆ ವಾಪಸಾಗಬೇಕಾಯಿತು. ಸ್ವಲ್ಪ ಕಾಲ ಮ್ಯಾಡ್ರಿಡ್‌ನಲ್ಲಿದ್ದುಕೊಂಡು ಓದಿದರು. ‘ಈಗ ಎಲ್ಲಿ ಓದುತ್ತಿದ್ದಾರೆ’ ಅಂತ ಕೇಳಲೇಬೇಡಿ, ‘2024ರಲ್ಲಿ ಎಲ್ಲಿ ಸೇರಿದರು’ ಅಂತ ಕೇಳಿ. ಸ್ಲೈಡ್ ಹಳಸಿದರೂ ಉತ್ತರ ಹಳಸುವುದಿಲ್ಲ.

ಕೊನೇ ಪ್ರಶ್ನೆ ನಮ್ಮೂರಿನವರಿಗೆ ಸೇರಲಿ. ಮೊನಾಕೊ ರಾಜ ಎರಡನೇ ಆಲ್ಬರ್ಟ್ 1981ರಲ್ಲಿ ಡಿಗ್ರಿ ಪಡೆದದ್ದು ಅಮೆರಿಕದ ಆಮ್‌ಹರ್ಸ್ಟ್ ಕಾಲೇಜಿನಲ್ಲಿ. ನಮ್ಮ ಮೈಸೂರಿನ ಯದುವೀರ ಒಡೆಯರ್ ಓದಿದ್ದು ಅದೇ ಆಮ್‌ಹರ್ಸ್ಟ್ ಊರಿನ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿ. ಊರು ಒಂದೇ, ಸಂಸ್ಥೆ ಬೇರೆ. ‘ಇಬ್ಬರನ್ನೂ ಜೋಡಿಸುವ ಊರು ಯಾವುದು?’ ಅಂತ ಕೇಳಿ, ‘ಕಾಲೇಜು ಯಾವುದು?’ ಅಂತ ಕೇಳಿದಿರೋ, ಆ ಹಿಂದಿನ ಸಾಲಿನ ಹುಡುಗಿ ನಿಮ್ಮ ಶಾಲೆಯಲ್ಲೂ ಇರುತ್ತಾಳೆ. ಹತ್ತೂ ಪ್ರಶ್ನೆ ಬರೆದ ಮೇಲೆ ಇಲ್ಲೇ ಹಾಕಿ ಮೇಡಂ, ಒಮ್ಮೆ ಎಲ್ಲರೂ ಸೇರಿ ತಿದ್ದೋಣ.