ಟೆರಿಫಿಕ್ ಅಂದರೆ ಹೆದರಿಕೆಯೋ, ಹೊಗಳಿಕೆಯೋ?

ಪ್ರಶ್ನೆ: ಮಗಳ ನೋಟ್‌ಬುಕ್ಕಿನಲ್ಲಿ ಟೀಚರ್ ‘ಟೆರಿಫಿಕ್’ ಅಂತ ಬರೆದಿದ್ದಾರೆ. ನಿಘಂಟಿನಲ್ಲಿ ‘ಭಯ ಹುಟ್ಟಿಸುವ’ ಎಂದಿದೆ. ಬೈದಿದ್ದಾರಾ?
– ಓದುಗರು, ಸಾಗರ

ಉತ್ತರ: ಇಲ್ಲ, ಮನಸಾರೆ ಹೊಗಳಿದ್ದಾರೆ. ಮಗಳ ಬೆನ್ನು ತಟ್ಟಿ! ‘ಹೆದರಿಸು’ ಎಂಬರ್ಥದ ಲ್ಯಾಟಿನ್ ಪದದಿಂದಲೇ ಟೆರಿಫಿಕ್, ಟೆರಿಬಲ್ ಎರಡೂ ಹುಟ್ಟಿದವು. ಮೊದಲು ಎರಡಕ್ಕೂ ಭಯದ ಅರ್ಥವೇ. ಆಮೇಲೆ ಟೆರಿಫಿಕ್ ‘ವಿಪರೀತ’ ಎಂದಾಗಿ, 19ನೇ ಶತಮಾನದ ಕೊನೆಯ ಹೊತ್ತಿಗೆ ‘ಬಹಳ ಚೆನ್ನಾಗಿದೆ’ ಎಂದಾಯಿತು. ಟೆರಿಬಲ್ ಮಾತ್ರ ಕೆಟ್ಟದ್ದಾಗಿಯೇ ಉಳಿಯಿತು. ಇವೆರಡನ್ನು ಅದಲುಬದಲು ಮಾಡಬೇಡಿ.

ನಮ್ಮಲ್ಲೂ ಹೀಗೇ ಅಲ್ವಾ? ನನ್ನಜ್ಜಿ ಅಪ್ಪೆಮಿಡಿ ಉಪ್ಪಿನಕಾಯಿಯ ರಸ ನಾಲಿಗೆಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ, ‘ಭಯಂಕರ ರುಚಿ ಮಾರಾಯ್ತಿ’ ಎನ್ನುತ್ತಿದ್ದರು.

ಟೆರಿಫಿಕ್ ಸಲುಗೆಯ ಮಾತು, ಕೆಲಸದ ಅರ್ಜಿಯಲ್ಲಿ ಬೇಡ. ‘ಟೆರಿಫಿಕ್ ಸ್ಪೀಡ್’ ಎಂದಾಗ ಹೆಚ್ಚಾಗಿ ಹೊಗಳಿಕೆ ಇರುವುದಿಲ್ಲ, ವಿಪರೀತ ವೇಗ ಅಂತಷ್ಟೇ.